ಗಂಡಿನ ಮೂತ್ರಪಿಂಡ ನೋಡಲು ಹೋದದ್ದು

ಮದುವೆ ಮಾತಿಗೆ ಮೊದಲು ಗಂಡಿನ ಕಡೆಯವರು ಬಂದು ಹೆಣ್ಣು ನೋಡುವುದು ಪದ್ಧತಿ. ೧೯೮೬ರ ನವೆಂಬರಿನಲ್ಲಿ ಹೆಣ್ಣಿನ ಕಡೆಯವರಾದ ನಾವು ಘಾಟಿ ಇಳಿದು ಹೋಗಿ ಗಂಡಿನ ಮೂತ್ರಪಿಂಡ ನೋಡಿಬಂದೆವು. ಅಮ್ಮ ಅದಕ್ಕಾಗಿ ಪೆಟ್ಟಿಗೆಯ ತಳದಲ್ಲಿದ್ದ ನೀಲಿ ರೇಷ್ಮೆ ಸೀರೆ ತೆಗೆದು ಉಟ್ಟಿದ್ದಳು. ಆ ದಿನದ ಡೈರಿಯ ಮೊದಲ ಸಾಲು ನಾನು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲೇ ಬರೆದದ್ದು: ‘ಹೊರಟವರು ಐದು ಜನ. ಪರೀಕ್ಷೆಗೆ ಇಬ್ಬರು, ಸಾಕ್ಷಿಗೆ ಮೂವರು.’ ಮಧ್ಯಾಹ್ನದೊಳಗೆ ಈ ಲೆಕ್ಕ ತಿರುಗುಮುರುಗಾಯಿತು.

ಗಂಡು ಹೊರಗಿನವನಲ್ಲ, ಅತ್ತೆಯ ಮಗ. ಅತ್ತೆ ನಮ್ಮ ಅಪ್ಪನ ಅಕ್ಕ. ಗಂಡ ಹೋದ ಮೇಲೆ ತೀರ್ಥಹಳ್ಳಿಯಲ್ಲಿ ಮಗನ ಜೊತೆಗಿದ್ದಳು. ಆ ಮಗ, ಎಂದರೆ ನಮ್ಮ ಬಾವ, ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ಸಿನವರ ಏಜೆಂಟ್. ಒಂದು ಮೇಜು, ಒಂದು ಫೋನು, ಬಸ್ಸು ಯಾಕೆ ತಡ ಎಂದು ಜಗಳಕ್ಕೆ ಬರುವ ಜನ. ಅಷ್ಟೇ ಅವನ ಆಫೀಸು. ಹೆಣ್ಣು ನನ್ನ ಅಕ್ಕ. ಅವಳು ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಒಬ್ಬರನ್ನು ಇನ್ನೊಬ್ಬರಿಗೆ ಸೇರಿಸುವ ಕೆಲಸ. ಯಾರ ಮಾತನ್ನೂ ಕೇಳಿಸಿಕೊಳ್ಳಬಾರದು ಎಂಬುದು ಇಲಾಖೆಯ ನಿಯಮ. ಕೇಳಿಸದೆ ಇರುವುದಿಲ್ಲ ಎಂಬುದು ಯಂತ್ರದ ನಿಯಮ. ನಾನು ಸಾಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತ ಹಾಸ್ಟೆಲಿನಲ್ಲಿದ್ದೆ, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ.

ಅಕ್ಕನಿಗೆ ಬಾವ, ಬಾವನಿಗೆ ಅಕ್ಕ ಇಷ್ಟ ಎಂಬುದು ಎರಡೂ ಮನೆಗೆ ತಿಳಿದ ವಿಷಯ. ಅತ್ತೆಗಂತೂ ಅವಳು ಹುಟ್ಟಿದಾಗಿನಿಂದ ಸೊಸೆಯೇ. ಮನೆಗೆ ಬಂದಾಗಲೆಲ್ಲ ಅವಳ ಮೂಗು ಹಿಡಿದು, “ಥೇಟ್ ನನ್ನ ತಮ್ಮಂದೇ ಕಣೆ, ನಡು ಮಧ್ಯ ಆ ಡುಬ್ಬ ಸಮೇತ” ಅನ್ನುತ್ತಿದ್ದಳು. ವೀಳ್ಯ ಬದಲಾಯಿಸಿದರೆ ಮುಗಿಯುವ ಮಾತು. ಅದು ನಿಂತದ್ದು ಊತದ ಕಾಯಿಲೆಯಿಂದ.

ನಮ್ಮ ಮನೆಯಲ್ಲಿ ಈ ಕಾಯಿಲೆಗೆ ಬೇರೆ ಹೆಸರಿರಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಬೆಳಿಗ್ಗೆ ಮುಖ ಊದುವುದು, ಸಂಜೆಗೆ ಕಾಲು ಊದುವುದು, ಪಕ್ಕೆಯಲ್ಲಿ ಭಾರ. ಆಮೇಲೆ ಅನ್ನ ಸೇರುವುದಿಲ್ಲ. ಉಪ್ಪು ಬಿಡಿಸುತ್ತಾರೆ, ಬೇರು ಅರೆದು ಕೊಡುತ್ತಾರೆ, ಹರಕೆ ಹೊರುತ್ತಾರೆ, ಕೊನೆಗೆ ಹೆಗಲು ಕೊಡುತ್ತಾರೆ. ಅಜ್ಜಿ, ಅಂದರೆ ಅಪ್ಪನ ಅಮ್ಮ, ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹೀಗೆ ಹೋದಳು. ಅವಳ ತಂಗಿ ಅದಕ್ಕೆ ಮೊದಲೇ ಹೋಗಿದ್ದಳು, ಅಣ್ಣ ಆಮೇಲೆ ಹೋದ. ೧೯೮೧ರಲ್ಲಿ ಅಪ್ಪ.

ಅಪ್ಪ ಗೇಣಿದಾರನ ಮಗ. ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಡಿಕ್ಲರೇಷನ್ ಕೊಟ್ಟು, ಟ್ರಿಬ್ಯೂನಲ್ ಮುಂದೆ ನಿಂತು, ಉಳುತ್ತಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವನು. ಪಹಣಿ ಕೈಗೆ ಬಂದ ದಿನ, “ನನ್ನ ಅಪ್ಪ ನಂಗೆ ಎಂತನೂ ಬಿಟ್ಟು ಹೋಗ್ಲಿಲ್ಲ, ನನ್ನ ಮಕ್ಕಳಿಗೆ ಹಂಗಾಗ್ಬಾರ್ದು” ಅಂದಿದ್ದ. ತನ್ನ ಅಮ್ಮ ತನಗೆ ಏನನ್ನೋ ಬಿಟ್ಟು ಹೋಗಿದ್ದಾಳೆ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ. ಅದಕ್ಕೆ ಟ್ರಿಬ್ಯೂನಲ್ಲೂ ಬೇಕಾಗಿರಲಿಲ್ಲ.

ಈಗ ಬಳಿಯ ವಿಷಯ ಹೇಳಬೇಕು. ನಮ್ಮ ಜನರಲ್ಲಿ ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಮನೆ, ಗದ್ದೆ, ಇನಿಷಿಯಲ್ಲು ಅಪ್ಪನ ಕಡೆಯದು; ಬಳಿ ಮಾತ್ರ ಅಮ್ಮನದು. ಒಂದೇ ಬಳಿಯವರು ಎಷ್ಟು ದೂರದ ಊರಿನವರಾದರೂ ಅಣ್ಣ ತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಅಜ್ಜಿಯ ಬಳಿ ಅವಳ ಮಕ್ಕಳಾದ ಅಪ್ಪನಿಗೂ ಅತ್ತೆಗೂ ಬಂತು. ಅತ್ತೆಯಿಂದ ಬಾವನಿಗೆ ಬಂತು. ಅಕ್ಕ ಮತ್ತು ನಾನು ಅಪ್ಪನ ಮಕ್ಕಳಾದರೂ ಅಮ್ಮನ ಬಳಿ.

ಕಾಯಿಲೆ ಬಂದವರು ಅಜ್ಜಿ, ಅವಳ ತಂಗಿ, ಅವಳ ಅಣ್ಣ, ನಮ್ಮ ಅಪ್ಪ. ನಾಲ್ವರೂ ಒಂದೇ ಬಳಿ. ಹಾಗಾದರೆ ಈ ಕಾಯಿಲೆ ಆ ಬಳಿಯದು. ಇದನ್ನು ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಅಪ್ಪನ ವೈಕುಂಠದ ದಿನ ಊಟಕ್ಕೆ ಕೂತವರೆಲ್ಲ ಹೇಳುತ್ತಿದ್ದರು. ಆ ಬಳಿಯ ಹಿಂದಿನವರು ಯಾರೋ ಕೆರೆಯ ನೀರು ಕಟ್ಟಿ ಕೆಳಗಿನವರ ಗದ್ದೆ ಒಣಗಿಸಿದ್ದರಂತೆ, ಅದಕ್ಕೇ ಅವರ ಮೈಯಲ್ಲಿ ನೀರು ನಿಲ್ಲುತ್ತದಂತೆ ಎಂಬ ಕಥೆಯೂ ಸೇರಿಕೊಂಡಿತು. ಅತ್ತೆಯನ್ನೂ ಬಾವನನ್ನೂ ಜನ ಅಂದಿನಿಂದ ಮರುಕದಿಂದ ನೋಡತೊಡಗಿದರು. ನಮ್ಮನ್ನು ನೋಡಿ, “ಸದ್ಯ, ನಿಮ್ದು ಅಮ್ಮನ ಬಳಿ” ಎಂದು ಸಮಾಧಾನಪಟ್ಟರು. ನಾವೂ ಪಟ್ಟೆವು.

ನಾನು ಎಲ್ಲವನ್ನೂ ಬರೆದಿಡುವವಳು. ಬಸ್ಸು ತಡವಾದದ್ದು, ಕರು ಹಾಕಿದ್ದು, ಕರೆಂಟು ಹೋದದ್ದು, ಎಲ್ಲಕ್ಕೂ ತಾರೀಕು ಉಂಟು. ಊತಕ್ಕೂ ಒಂದು ಪುಟ ಮಾಡಿ ಗೆರೆ ಎಳೆದು, ಹೋದವರು, ವರ್ಷ, ಬಳಿ ಎಂದು ಅಂಕಣ ಹಾಕಿದ್ದೆ. ಬಳಿಯ ಅಂಕಣದಲ್ಲಿ ಒಂದೇ ಹೆಸರು ಸಾಲಾಗಿ ಬಂದಾಗ ಪ್ರಯೋಗ ಸರಿಬಂದ ಖುಷಿಯಾಗಿತ್ತು. ಒಂದೇ ಒಂದು ತೊಡಕು. ಅಜ್ಜಿಯ ಆ ಅಣ್ಣನ ಮಗಳನ್ನು ಕೆಳದಿಗೆ ಕೊಟ್ಟಿತ್ತು. ಅವಳೂ ಮುಖ ಕಾಲು ಊದಿಕೊಂಡೇ ತೀರಿಹೋದಳು. ಆದರೆ ಅವಳದು ಅವಳ ತಾಯಿಯ ಬಳಿ, ಬೇರೆ. ಅಮ್ಮನನ್ನು ಕೇಳಿದರೆ, “ಅದು ಬೇರೆ ಊತ” ಅಂದಳು. ನಾನು ಅವಳನ್ನು ‘ಇತರೆ’ ಎಂಬ ಅಂಕಣಕ್ಕೆ ಹಾಕಿದೆ. ಕಾಲೇಜಿನಲ್ಲಿ ಅದೇ ವರ್ಷ ಬಟಾಣಿ ಗಿಡಗಳ ಪಾಠವಿತ್ತು: ಎತ್ತರದ ಗಿಡ, ಗಿಡ್ಡ ಗಿಡ, ಗುಣಗಳು ಮುಂದಿನ ಗಿಡಗಳಿಗೆ ತಾಯಿ ತಂದೆ ಎರಡೂ ಕಡೆಯಿಂದ ಹೋಗುವ ಬಗೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರಾ ಅಂಕ ಬಂದಿತ್ತು. ಬಟಾಣಿಗೆ ಬಳಿ ಇಲ್ಲವಲ್ಲ.

ಅತ್ತೆ ಹೆಣ್ಣು ಕೇಳಲು ಬಂದದ್ದು ೮೬ರ ಗಣಪತಿ ಹಬ್ಬ ಕಳೆದ ಮೇಲೆ. ಅಮ್ಮ ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು, ಒಪ್ಪಿಗೆ ಮಾತ್ರ ಕೊಡಲಿಲ್ಲ.

“ಅತ್ತಿಗೆ, ನೀವು ಬೇಜಾರ್ ಮಾಡ್ಕಬ್ಯಾಡಿ. ನಿಮ್ಮ ಬಳಿಗೆ ಬಂದು ನಾನು ಅನುಭವಿಸಿದ್ದು ಸಾಕು. ಮಗಳಿಗೂ ಅದೇ ಆಗೋದು ಬ್ಯಾಡ.”

“ಎಂತ ಹುಡ್ಗೀ, ನನ್ನ ಮಗನ್ನ ಈಗ್ಲೇ ಚಟ್ಟಕ್ಕೆ ಹತ್ತಿಸ್ತಿದೀಯಲ್ಲ! ನಂಗೇ ಐವತ್ತೆರಡಾತು. ನಂಗೆ ಎಲ್ಲಿ ಊದಿದೆ ತೋರ್ಸು.”

ಅಮ್ಮ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು. ಅತ್ತೆ ದಪ್ಪಗಿದ್ದಳು.

“ಅದು ಕೊಬ್ಬು ಕಣೆ!” ಎಂದು ಅತ್ತೆ ಕಾಫಿ ಲೋಟ ಕುಕ್ಕಿದಳು.

ಅಮ್ಮ ಆಗ ಷರತ್ತು ಹಾಕಿದಳು. ಘಾಟಿಯ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೆ ಒಳಗಿರುವುದನ್ನು ಟಿ.ವಿ.ಯಲ್ಲಿ ತೋರಿಸುವ ಯಂತ್ರ ಬಂದಿದೆಯಂತೆ, ಊರಿನ ಡಾಕ್ಟರು ಹೇಳಿದರು. ತಾಯಿ ಮಗ ಇಬ್ಬರೂ ಅದರಲ್ಲಿ ತೋರಿಸಲಿ. ಚೆನ್ನಾಗಿದ್ದರೆ ವೀಳ್ಯ.

ಅತ್ತೆ ಸೆರಗು ಕೊಡವಿ ಎದ್ದಳು. “ತೋರ್ಸಾನ. ಆದ್ರೆ ನೀನೂ ಬರ್ಬೇಕು. ನಾಳೆ ನಾನು ಹೇಳಿದ್ದು ಸುಳ್ಳು ಅನ್ನಂಗಿಲ್ಲ.”

“ಬರ್ದೇ ಇರ್ತೀನಾ? ಡಾಕ್ಟ್ರ ಬಾಯಿಂದ್ಲೇ ಕೇಳ್ಬೇಕು ನಾನು.”

ಅಕ್ಕ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. “ನಂಗೆ ಯಾರದ್ದೂ ಕಿಡ್ನಿ ನೋಡೋದು ಬ್ಯಾಡ” ಅಂದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಹೇಗೋ ಮನೆಯಲ್ಲೂ ಹಾಗೇ, ಅವಳು ನಡುವೆ ಇದ್ದು ಇಲ್ಲದವಳು.

ಅಕ್ಕಪಕ್ಕದವರಿಗೆ ದೇವಸ್ಥಾನದ ಹರಕೆ ಎಂದು ಹೇಳಿದೆವು. ಮದುವೆ ಮಾತಿನಲ್ಲಿರುವ ಮನೆಯವರು ಆಸ್ಪತ್ರೆಗೆ ಹೋದರು ಎಂದರೆ ನಾಳೆ ಆ ಮಾತಿಗೆ ಕಾಲು ಬರುತ್ತದೆ. ಹರಕೆ ಎಂದ ಮೇಲೆ ತೆಂಗಿನಕಾಯಿ, ಹೂವು ಇಟ್ಟುಕೊಳ್ಳಲೇಬೇಕು. ಬಾವ ಬಸ್ಸಿನವನಾದ್ದರಿಂದ ಮುಂದಿನ ಸೀಟುಗಳು ಸಿಕ್ಕವು. ಹಿಂದಿನ ದಿನವೇ ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ, ‘ಹೊಟ್ಟೆ ತುಂಬಾ ನೀರು ಕುಡಿದು ಬರಬೇಕು’ ಎಂದು ಊರಿನ ಡಾಕ್ಟರು ಹೇಳಿ ಕಳಿಸಿದ್ದನ್ನು ಶ್ರದ್ಧೆಯಿಂದ ಪಾಲಿಸಿ, ಬಸ್ಸು ಹತ್ತುವ ಮೊದಲೇ ಒಂದು ತಂಬಿಗೆ ಖಾಲಿ ಮಾಡಿದ್ದಳು. ಆಸ್ಪತ್ರೆಗೆ ಬಂದ ಮೇಲೆ ಕುಡಿಯಬೇಕು ಎಂದು ಅವರು ಬಿಡಿಸಿ ಹೇಳಿರಲಿಲ್ಲ.

ಹುಲಿಕಲ್ ಮುಟ್ಟುವ ಹೊತ್ತಿಗೆ ಅತ್ತೆಯ ಮುಖ ಬಿಗಿದಿತ್ತು. ಘಾಟಿಯ ತಿರುವು ಇನ್ನೂ ಮುಂದಿತ್ತು.

“ಮಗಾ, ಬಸ್ ನಿಲ್ಸು.”

“ಸ್ವಲ್ಪ ತಡ್ಕ ಅಮ್ಮ, ಕುಡಿದದ್ದು ಅಲ್ಲಿ ತನಕ ಇರ್ಬೇಕಂತೆ.”

“ಇರ್ಬೇಕಾದ್ದು ನಿನ್ನ ಹೊಟ್ಟೇಲಾ ನನ್ನ ಹೊಟ್ಟೇಲಾ? ನಿಲ್ಸು ಅಂದೆ!”

ಬಸ್ಸು ನಿಂತಿತು. ಅತ್ತೆ ಇಳಿದು ಕಾಡಿನ ಮರೆಗೆ ಹೋದಳು. ಅಮ್ಮ ಕಿಟಕಿಯಿಂದ ನೋಡುತ್ತ, “ಊತದವರಿಗೆ ಹೀಗೆ ಸಲೀಸಾಗಿ ಹೋಗಲ್ಲ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಆಸೆಯೋ ನಿರಾಸೆಯೋ ನನಗೆ ತಿಳಿಯಲಿಲ್ಲ. ಷರತ್ತು ಹಾಕಿದವಳು ಅವಳೇ ಆದರೂ ಬಾವನನ್ನು ಕಂಡರೆ ಅವಳಿಗೂ ಪ್ರೀತಿ. ಹಿಂದೆ ಬೇರೆ ಬೇರೆ ಸೀಟಿನಲ್ಲಿ ಕೂತ ಅಕ್ಕನೂ ಬಾವನೂ ಒಬ್ಬರ ಮುಖ ಒಬ್ಬರು ನೋಡದೆ ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಬಾವನೂ ಅತ್ತೆಯೂ ನಲ್ಲಿಯ ಹತ್ತಿರ ನಿಂತು ಮತ್ತೆ ನೀರು ಕುಡಿದರು. ಸಾಕ್ಷಿಗಳಾದ ನಾವು ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದೆವು. ಕರೆ ಬಂದಾಗ ಅಮ್ಮ ಸೆರಗು ಸರಿಮಾಡಿಕೊಂಡು, ಬೀಗರ ಮನೆಯ ಹೊಸಿಲು ದಾಟುವಂತೆ ಬಲಗಾಲಿಟ್ಟು ಒಳಗೆ ಹೋದಳು. ನನ್ನನ್ನು ಬರೆದುಕೊಳ್ಳಲು ಕರೆದಳು. ಅಕ್ಕ ಹೊರಗೇ ಉಳಿದಳು.

ಡಾಕ್ಟರು ಕರಾವಳಿಯವರು, ನಡುವಯಸ್ಸಿನವರು. ಯಂತ್ರದ ಹತ್ತಿರ ಹೋಗುವ ಮೊದಲು ಕಾಗದ ತೆಗೆದುಕೊಂಡು ಮನೆಯ ಕಥೆ ಕೇಳಿದರು. ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸೊನ್ನೆ, ಕಾಯಿಲೆ ಬಂದವರಿಗೆ ಒಳಗೆ ಕಪ್ಪು. ಅಜ್ಜಿಯ ಸೊನ್ನೆ ಕಪ್ಪಾಯಿತು, ಅವಳ ತಂಗಿಯದು, ಅಣ್ಣನ ಚೌಕ. ಅಪ್ಪನ ಚೌಕವನ್ನು ತುಂಬುವಾಗ ಪೆನ್ನು ಕಾಗದದ ಮೇಲೆ ಕರಕರ ಅಂದಿತು.

“ಮತ್ತೆ ಯಾರಿಗಾದರೂ ಉಂಟಾ?”

ಅಮ್ಮ ಇಲ್ಲ ಎಂದಳು. ನಾನು ‘ಇತರೆ’ ಅಂಕಣ ನೆನಪಾಗಿ, ಕೆಳದಿಯವಳ ವಿಷಯ ಹೇಳಿದೆ.

“ಅದು ಬೇರೆ ಊತ” ಅಂದಳು ಅಮ್ಮ.

“ಎಂತ ಬೇರೆ?” ಎಂದು ಡಾಕ್ಟರು ಕೇಳಿದರು. ಅಮ್ಮ ಬಳಿ ಬೇರೆ ಎಂದಳು. ಅವರು ಅಜ್ಜಿಯ ಅಣ್ಣನ ಕೆಳಗೆ ಒಂದು ಸೊನ್ನೆ ಬರೆದು ಕಪ್ಪು ಮಾಡಿದರು. ಆಮೇಲೆ ಅಪ್ಪನ ಚೌಕದ ಕೆಳಗೆ ಪೆನ್ನು ಇಟ್ಟು, “ಇವರಿಗೆ ಮಕ್ಕಳು?”

“ಇಬ್ರು ಹೆಣ್ಣುಮಕ್ಕಳು. ಇವಳೊಬ್ಳು, ದೊಡ್ಡವಳು ಹೊರಗೆ ಕೂತಿದಾಳೆ.”

“ಅವರಿಗೆ ನೀರು ಕುಡಿಸಿದ್ದೀರಾ?”

“ಅಯ್ಯೋ, ಇವ್ರು ಸಾಕ್ಷಿಗೆ ಬಂದಿದ್ದು ಡಾಕ್ಟ್ರೆ.”

ಡಾಕ್ಟರು ಪೆನ್ನಿಗೆ ಟೊಪ್ಪಿ ಹಾಕಿದರು. “ಅಮ್ಮಾ, ಮೊದಲು ನೋಡಬೇಕಾದ್ದು ಇವರನ್ನೇ.”

“ಇವ್ರು ನನ್ನ ಬಳಿ. ಆ ಬಳಿಯವ್ರಲ್ಲ.”

“ಬಳಿ ನಿಮ್ಮದು, ಸರಿ. ನಮ್ಮ ಕಡೆಯೂ ಉಂಟು ಬಳಿ, ನನಗೆ ಗೊತ್ತಿಲ್ಲದ್ದಲ್ಲ” ಎಂದರು ಅವರು. “ಮೂಗು ಯಾರದು?”

ಅವರು ನನ್ನನ್ನು ನೋಡಿಯೇ ಕೇಳಿದ್ದು. ನನ್ನದು ಅಮ್ಮನ ಮೂಗು. ಆದರೆ ಅಮ್ಮ ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಅತ್ತೆ ಇಪ್ಪತ್ತು ವರ್ಷ ಹೊಗಳಿದ ಮೂಗು ಹೊರಗೆ ಬೆಂಚಿನ ಮೇಲೆ ಕೂತಿತ್ತು.

ಅತ್ತೆಯದು ಮೊದಲು ಆಯಿತು. ಹೊಟ್ಟೆಗೂ ಪಕ್ಕೆಗೂ ಲೋಳೆಯಂಥದ್ದು ಹಚ್ಚಿ, ಸಾಬೂನಿನ ಗಾತ್ರದ ಒಂದು ಸಾಮಾನನ್ನು ಓಡಿಸಿದರು. ಟಿ.ವಿ.ಯಲ್ಲಿ ಮಳೆ ಬಂದ ಹಾಗೆ ಕಂಡಿತು. “ಚೊಕ್ಕ ಉಂಟು. ಈ ವಯಸ್ಸಿಗೆ ಇಷ್ಟು ಚೊಕ್ಕ ಇದ್ದರೆ ನಿಮಗೆ ಅದು ಬರಲೇ ಇಲ್ಲ ಎಂದೇ. ನಿಮಗಿಲ್ಲದ್ದು ಮಗನಿಗೆ ಕೊಡಲಿಕ್ಕೆ ಆಗುವುದಿಲ್ಲ. ಅವನನ್ನು ನೋಡುವುದೇ ಬೇಡ.” ಅಮ್ಮ ಬಿಡಲಿಲ್ಲ, ಅಷ್ಟು ದೂರದಿಂದ ಬಂದಿದ್ದೇವೆ, ಅವನದೂ ನೋಡಿ ಎಂದಳು. ಅವನದೂ ಚೊಕ್ಕವಾಗಿತ್ತು. ಅತ್ತೆ ಹೊರಗೆ ಬಂದವಳೇ, “ಆತಲ್ಲ? ಇನ್ನು ಕೊಬ್ಬಿಗೊಂದು ಯಂತ್ರ ಇದ್ರೆ ಅದ್ರಲ್ಲೂ ತೋರ್ಸಾನ” ಎಂದು ಗೆದ್ದವಳ ಹಾಗೆ ಬೆಂಚಿನ ತುಂಬಾ ಕೂತಳು. ಆಮೇಲೆ ಅಕ್ಕನನ್ನು ಕಂಡಳು. ಅಕ್ಕ ನಲ್ಲಿಯ ಹತ್ತಿರ ನಿಂತು ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದಳು, ಪಕ್ಕದಲ್ಲಿ ನಾನು.

“ಇವಳಿಗೆ ಎಂತಕ್ಕೆ ನೀರು?” ಎಂದಳು ಅತ್ತೆ. “ಅಪ್ಪನ ಮಕ್ಕಳನ್ನೂ ನೋಡ್ಬೇಕಂತೆ” ಎಂದೆ ನಾನು. ಅತ್ತೆಯ ಕೈ ತಾನಾಗಿ ಮೂಗಿಗೆ ಹೋಯಿತು.

ನನ್ನದರಲ್ಲಿ ಏನೂ ಕಾಣಲಿಲ್ಲ. ಆದರೆ ಇಪ್ಪತ್ತಕ್ಕೆ ಕಾಣದ್ದು ಮೂವತ್ತಕ್ಕೆ ಕಾಣಬಹುದಂತೆ, ಮತ್ತೊಮ್ಮೆ ಬಂದು ತೋರಿಸಬೇಕಂತೆ. ಅಕ್ಕನದರಲ್ಲಿ ಎರಡು ಕಡೆಯೂ ನೀರುಗುಳ್ಳೆಗಳಿದ್ದವು. ಡಾಕ್ಟರು ಟಿ.ವಿ.ಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಕಪ್ಪು ಕಪ್ಪು ದುಂಡು, ದ್ರಾಕ್ಷಿ ಹಾಗೆ. ಅಕ್ಕ ಹತ್ತಿರ ಬಗ್ಗಿ ನೋಡಿದಳು. “ಇದು ನಂದಾ?” ಎಂದು ಒಮ್ಮೆ ಕೇಳಿದಳು, ಅಷ್ಟೇ.

“ಈಗ ಎಂತ ತೊಂದರೆ ಇಲ್ಲ” ಎಂದರು ಡಾಕ್ಟರು. “ಬಿ.ಪಿ. ನೋಡಿಸುತ್ತ ಇರಬೇಕು. ಉಪ್ಪು ಕಡಿಮೆ. ಬಹಳ ವರ್ಷ ಏನೂ ಆಗದೆ ಇರಬಹುದು.”

ಅಮ್ಮ ಮಾತ್ರ ಒಪ್ಪಲಿಲ್ಲ. ಅವಳು ವಾದಕ್ಕೆ ಇಳಿದದ್ದು ಡಾಕ್ಟರ ಜೊತೆ ಅಲ್ಲ, ಆ ಕಾಗದದ ಜೊತೆ. ಅಪ್ಪನ ಚೌಕದಿಂದ ಇಳಿದು ಬಂದ ಗೆರೆಯನ್ನು ಬೆರಳಿಂದ ಒರೆಸುವವಳ ಹಾಗೆ ತಿಕ್ಕುತ್ತ, “ಗಂಡಸ್ರಿಂದ ಹೆಂಗೆ ಬತ್ತದೆ ಇದು?” ಎಂದಳು.

“ಒಂದು ರೂಪಾಯಿ ಮೇಲೆ ಹಾರಿಸಿದ ಹಾಗೆ ಅಮ್ಮ. ಕಾಯಿಲೆ ಇದ್ದವರು ಅಪ್ಪನೋ ಅಮ್ಮನೋ ಎಂದು ಅದು ನೋಡುವುದಿಲ್ಲ. ಪ್ರತಿ ಮಗುವಿಗೂ ಒಂದು ಸಲ ಹಾರಿಸುವುದು. ಈ ಕಡೆ ಬಿದ್ದರೆ ಉಂಟು, ಆ ಕಡೆ ಬಿದ್ದರೆ ಇಲ್ಲ.”

“ಅಂದ್ರೆ ಇಬ್ರಲ್ಲಿ ಒಬ್ಳಿಗೆ. ಇವಳಿಗೆ ಬಂತು, ಸಣ್ಣವಳು ಪಾರಾದ್ಲು.”

“ಹಾಗಲ್ಲ. ಸಣ್ಣವಳಿಗೆ ಬೇರೆಯೇ ಹಾರಿಸಿ ಆಗಿದೆ. ಹೇಗೆ ಬಿದ್ದಿದೆ ಎಂದು ನೋಡಲಿಕ್ಕೆ ಇನ್ನೂ ಸ್ವಲ್ಪ ವರ್ಷ ಬೇಕು.” ಅವರು ನನ್ನ ಕಡೆ ತಿರುಗಿದರು. “ಹೊರದೇಶದಲ್ಲಿ ರಕ್ತದಿಂದಲೇ ತಿಳಿಯುವ ದಾರಿ ಹುಡುಕುತ್ತಿದ್ದಾರಂತೆ. ಅದು ಬಂದರೆ ಇಷ್ಟು ಕಾಯುವುದು ಬೇಡ. ಹುಟ್ಟುವ ಮೊದಲೇ ಹೇಳಬಹುದು.”

“ಹೇಳಿ ಎಂತ ಮಾಡ್ತಾರೆ?” ಎಂದಳು ಅಮ್ಮ. “ಮದ್ದು ಕೊಡ್ತಾರಾ?”

“ಮದ್ದು ಇಲ್ಲ.”

“ಮತ್ತೆ ಹೇಳೋದು ಎಂತಕ್ಕೆ?”

ಡಾಕ್ಟರು ಕಾಗದ ಮಡಿಸಿ ಫೈಲಿಗೆ ಸೇರಿಸಿದರು. ಅಮ್ಮ ತಂದಿದ್ದ ಬಾಳೆಹಣ್ಣಿನಲ್ಲಿ ಉಳಿದದ್ದನ್ನು ಅವರ ಮೇಜಿನ ಮೇಲಿಟ್ಟು ಎದ್ದಳು. ಬರಿಗೈಯಲ್ಲಿ ಬರಬಾರದು ಎಂದು ತಂದದ್ದು ಅದು.

ಹಿಂದಿರುಗುವ ಬಸ್ಸಿನಲ್ಲಿ ಸೀಟುಗಳು ಬದಲಾದವು. ಅಮ್ಮ ಹಿಂದೆ ಕೂತಳು. ಅತ್ತೆ ಮುಂದೆ, ಕಿಟಕಿಗೆ ಮುಖ. ಅಕ್ಕನ ಪಕ್ಕದಲ್ಲಿ ಬಾವ ಕೂತ. ಅಲ್ಲಿ ಕೂರಬೇಡ ಎನ್ನಲು ಅಮ್ಮನಿಗೆ ಆಗ ಬಾಯಿ ಬರಲಿಲ್ಲ, ಅತ್ತೆಗೆ ಬಂತೋ ಇಲ್ಲವೋ ಗೊತ್ತಿಲ್ಲ. ಹೊಸನಗರದಲ್ಲಿ ಇಳಿದಾಗ ಪ್ರಸಾದ ಇಲ್ಲವೆಂಬುದು ನೆನಪಾಯಿತು. ಒಡೆಯದೆ ಉಳಿದಿದ್ದ ನಮ್ಮದೇ ತೆಂಗಿನಕಾಯಿಯನ್ನು ಬಾವ ಬಸ್‌ಸ್ಟ್ಯಾಂಡಿನ ಕಲ್ಲಿಗೆ ಒಡೆದ. ಅಂಗಡಿಯಿಂದ ಕುಂಕುಮದ ಪೊಟ್ಟಣ ತಂದೆವು. ಪಕ್ಕದ ಮನೆಯವಳು ಅದನ್ನು ಕಣ್ಣಿಗೊತ್ತಿಕೊಂಡು, “ಹರಕೆ ಸಂದಾಯ ಆತಾ?” ಎಂದು ಕೇಳಿದಳು. ಆಯಿತು ಎಂದಳು ಅಮ್ಮ.

ಡಿಸೆಂಬರ್ ಪೂರ್ತಿ ತೀರ್ಥಹಳ್ಳಿಯಿಂದ ಸುದ್ದಿ ಇಲ್ಲ. ಅಮ್ಮನೂ ಸುದ್ದಿ ಕಳಿಸಲಿಲ್ಲ. ಷರತ್ತು ಹಾಕಿದವರು ನಾವು. ಈಗ ಅತ್ತೆಯೂ ಷರತ್ತು ಹಾಕಬಹುದು, ಅಥವಾ ಏನೂ ಹೇಳದೆಯೇ ಮಗನಿಗೆ ಬೇರೆ ಹೆಣ್ಣು ನೋಡಬಹುದು. ಎರಡೂ ನ್ಯಾಯವೇ. “ನಾವೇ ಬ್ಯಾಡ ಅಂದ್ರೆ ಮರ್ಯಾದೆ ಉಳೀತದೆ” ಎಂದು ಅಮ್ಮ ವಾರಕ್ಕೊಮ್ಮೆ ಹೇಳುವಳು, ಹೇಳಿ ಸುಮ್ಮನಾಗುವಳು. ಅಡಿಗೆಗೆ ಉಪ್ಪು ಹಾಕುವಾಗ ಚಮಚ ತಡೆದು ನಿಲ್ಲುವಳು. ಅಕ್ಕ ಮಾತ್ರ ಎಂದಿನಂತೆ ಎಕ್ಸ್‌ಚೇಂಜಿಗೆ ಹೋಗಿ ಬರುತ್ತಿದ್ದಳು. ಒಂದು ಶನಿವಾರ ನಾನು ಮನೆಗೆ ಬಂದಾಗ, ಬೇಜಾರಾ ಎಂದು ಕೇಳಿದೆ. “ಕಿಡ್ನಿಗಾ, ಮದುವೆಗಾ?” ಎಂದಳು. “ಕಿಡ್ನಿ ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತದೆ. ಮದುವೆದು ನೋಡು.”

ಜನವರಿಯ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಮನೆಯ ಹತ್ತಿರದ ಅಕ್ಕಿಮಿಲ್ಲಿನಿಂದ ಕೂಗಿದರು. ತೀರ್ಥಹಳ್ಳಿಯಿಂದ ಅಮ್ಮನ ಹೆಸರಿಗೆ ಟ್ರಂಕ್ ಕಾಲ್. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು, ನಾನು ಹಿಂದೆ. ಮಿಲ್ಲಿನ ರಿಸೀವರಿನಲ್ಲಿ ಮಾತು ದೂರಕ್ಕೂ ಕೇಳುತ್ತಿತ್ತು, ನಾನು ಕಿವಿ ಹತ್ತಿರ ಇಟ್ಟು ನಿಂತೆ.

“ತೀರ್ಥಹಳ್ಳಿಯಿಂದ ಕಾಲ್. ಮಾತಾಡಿ.” ಅದು ಅಕ್ಕನ ದನಿ, ಕೆಲಸದ ದನಿ. ಯಾರದೋ ಮನೆಯ ಸಮಾಚಾರ ಎಂಬಂತೆ.

“ಎಂತ ಹುಡ್ಗೀ, ಇದೀಯೋ ಇಲ್ವೋ?” ಅತ್ತೆ ಫೋನಿನಲ್ಲಿ ಯಾವಾಗಲೂ ಹೊಳೆಯ ಆಚೆ ದಡಕ್ಕೆ ಕೂಗುವಂತೆಯೇ ಮಾತಾಡುವುದು. “ಘಾಟಿ ಹತ್ತಿ ಬಂದ ಮೇಲೆ ಬಾಯಿಗೆ ಬೀಗ ಹಾಕ್ಕಂಡು ಕೂತ್ಯಲ್ಲ!”

“ಎಂತ ಮುಖ ಇಟ್ಕಂಡು ಮಾತಾಡ್ಲಿ ಅತ್ತಿಗೆ.” ಅಮ್ಮನ ದನಿ ಸಣ್ಣಗಾಗಿತ್ತು. “ಈ ಸಂಬಂಧ ಬ್ಯಾಡ. ನಿಮ್ಮದು ಚೊಕ್ಕ ಅಂತ ಆತು. ಹುಡ್ಗಂಗೆ ಬೇರೆ ಕಡೆ ನೋಡಿ.”

“ಚೊಕ್ಕ ಅಂತ ಬರ್ಸಿ ಗೋಡೆಗೆ ಹಾಕ್ಲಾ? ಕೇಳಿಲ್ಲಿ. ನಾನು ಹೆಣ್ಣು ಕೇಳಿದ್ದು ನನ್ನ ತಮ್ಮನ ಮಗಳು ಅಂತ. ಮೂಗು ಅವಂದು, ನಡಿಗೆ ಅವಂದು, ಎದುರು ಮಾತಾಡೋದು ಅವಂದು. ಕಿಡ್ನಿ ಒಂದು ಮಾತ್ರ ನಿಂದು ಇರ್ಬೇಕು ಅಂದ್ರೆ ಆತದಾ? ಅದೇನು ನೀನು ತವರಿಂದ ತಂದಿದ್ದಾ? ನಮ್ಮ ಮನೆಯಿಂದ ಹೋಗಿದ್ದು ಅದು.”

ಅಮ್ಮ ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡಳು.

“ಆದ್ರೆ ನಂದೂ ಒಂದು ಷರತ್ತು.”

ಅಮ್ಮ ನೆಟ್ಟಗಾದಳು. ಇಷ್ಟು ದಿನ ಕಾದದ್ದು ಇದಕ್ಕೇ. “ಹೇಳಿ ಅತ್ತಿಗೆ.”

“ಮದುವೇಲಿ ನೀನು ಆ ನೀಲಿ ಸೀರೆ ಉಡಂಗಿಲ್ಲ. ಅದ್ನ ನೆನೆಸ್ಕಂಡ್ರೆ ಈಗ್ಲೂ ನ‌ಂಗೆ ತಂಬಿಗೆ ನೀರು ಕುಡಿದಂಗೆ ಆತದೆ.”

ಅಮ್ಮನಿಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದೇ ಹೊತ್ತಿಗೆ ಲೈನಿನ ನಡುವೆ ಅಕ್ಕ ಬಂದಳು.

“ಮೂರು ನಿಮಿಷ ಆಯ್ತು. ಮುಂದುವರಿಸಬೇಕಾ?”

“ಏ ಹುಡ್ಗೀ,” ಎಂದಳು ಅತ್ತೆ, “ಇಷ್ಟೊತ್ತು ಕೇಳ್ತಿದ್ಯಲ್ಲ, ನಿಂಗೆ ಒಪ್ಪಿಗೆಯಾ?”

“ಆಪರೇಟರ್ ಕೇಳಂಗಿಲ್ಲ ಅತ್ತೆ, ರೂಲ್ಸ್ ಇದೆ.”

“ರೂಲ್ಸ್ ಬೋರ್ಡಿನ ಮೇಲೆ ಇರ್ಲಿ. ಬಾಯಲ್ಲಿ ಹೇಳು.”

“ಒಪ್ಪಿಗೆ” ಎಂದಳು ಅಕ್ಕ. ಈಗ ಅದು ಕೆಲಸದ ದನಿಯಾಗಿರಲಿಲ್ಲ. “ಆದ್ರೆ ಮಕ್ಕಳು ಬೇಕಾ ಬ್ಯಾಡ್ವಾ ಅಂತ ನೀವಿಬ್ರೂ ಯಾವತ್ತೂ ಕೇಳಂಗಿಲ್ಲ. ರೂಪಾಯಿ ಹಾರಿಸೋದು ನಾವು, ಹಾರಿಸ್ದೇ ಇರೋದೂ ನಾವು. ಅದು ನಾನೂ ಬಾವನೂ ಮಾತಾಡ್ಕಂಡಾಗಿದೆ.”

“ಯಾವಾಗ ಮಾತಾಡ್ಕಂಡ್ರಿ?” ಎಂದು ಅಮ್ಮನೂ ಅತ್ತೆಯೂ ಒಟ್ಟಿಗೆ ಕೇಳಿದರು.

“ಲೈನ್ ಖಾಲಿ ಇದ್ದಾಗ.”

ಇಬ್ಬರು ಹಿರಿಯರು ತಿಂಗಳುಗಟ್ಟಲೆ ಬಾಯಿ ಬಿಡದೆ ಒಬ್ಬರನ್ನೊಬ್ಬರು ಕಾಯುತ್ತಿದ್ದಾಗ, ಬಸ್ ಏಜೆಂಟನ ಮೇಜಿಗೂ ಹೊಸನಗರದ ಬೋರ್ಡಿಗೂ ಮಾತು ಮುಗಿದೇ ಹೋಗಿತ್ತು. ಅಮ್ಮ ರಿಸೀವರನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು, ಮಗಳು ಅದರೊಳಗೇ ಇದ್ದಾಳೆ ಎಂಬಂತೆ.

ಅತ್ತೆಗೆ ಒಬ್ಬನೇ ಮಗ. ಮೊಮ್ಮಕ್ಕಳಿಗೆ ಅಂತ ಬೆಳ್ಳಿಯ ಉಡಿದಾರ ಮಾಡಿಸಿಟ್ಟಿದ್ದಾಳೆ ಎಂಬುದು ನಮಗೆಲ್ಲ ಗೊತ್ತಿತ್ತು, ಅಕ್ಕನಿಗೂ. ಲೈನಿನಲ್ಲಿ ಗುಯ್ ಎಂಬ ಸದ್ದು ಮಾತ್ರ. ಅತ್ತೆ ಕೂಗಾಡುತ್ತಾಳೆ ಎಂದು ನಾನು ಕಾದೆ. ಕೂಗದ ಅತ್ತೆಯ ದನಿಯನ್ನು ಫೋನಿನಲ್ಲಿ ಕೇಳಿದ್ದು ಅದೇ ಮೊದಲು.

“ಆತು ಮಗಾ” ಎಂದಳು.

ಆ ಮಾತು ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು ನನ್ನ ಡೈರಿಯಲ್ಲಿಲ್ಲ. ಎದುರಿಗೇ ಮಿಲ್ಲಿನ ಗಡಿಯಾರ ನೇತಾಡುತ್ತಿತ್ತು, ನಾನು ನೋಡಲಿಲ್ಲ. ಅಕ್ಕ ಕಾಲಿನ ಬಿಲ್ಲಿನ ಚೀಟಿಯಲ್ಲಿ ಮೂರೇ ನಿಮಿಷ ಎಂದು ಬರೆದಳಂತೆ.

ಮದುವೆ ಮೇ ತಿಂಗಳಲ್ಲಿ ಆಯಿತು. ಅಮ್ಮ ಹಸಿರು ಸೀರೆ ಉಟ್ಟಳು.